ಕಾಲು ತೊಳೆಸಿಕೊಂಡ ಸಂಜೆ

ಪ್ರೀತಿಯ ಗೆಳೆಯ,

ಕುದುರೆಗಾಡಿಯವರ ಚರ್ಚಿಗೆ ಸೇರಿಕೊಂಡೆಯಾ ಎಂದು ಕೆಣಕಿದ್ದೀಯಲ್ಲ, ಮೊದಲು ಅದಕ್ಕೆ ಉತ್ತರ. ಅಮೆರಿಕದ ಇಂಡಿಯಾನಾ ರಾಜ್ಯದ ನಮ್ಮ ಗೋಶೆನ್ ಸುತ್ತಮುತ್ತ ಕುದುರೆಗಾಡಿ ಓಡಿಸುವವರು ಹೆಚ್ಚಾಗಿ ಆಮಿಶ್ ಜನ, 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬವನ ಜೊತೆ ಬೇರೆಯಾದ ದಾಯಾದಿಗಳು. ನಾನು ಹೋಗುವುದು ಅವರ ದಾಯಾದಿಗಳಾದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದವರ ಸಭೆಗೆ. ಪಕ್ಕದ ಮನೆಯ ಅಜ್ಜ ಕಾರಿನಲ್ಲಿ ಕರೆದೊಯ್ಯುತ್ತಾರೆ. ಅವರ ಕಾರು ನನ್ನದಕ್ಕಿಂತ ಹೊಸದು.

ನಾನು ಮತಾಂತರವಾದೆನೇ ಎಂದು ನಿನ್ನ ಬಾಯಲ್ಲಿ ಕೇಳಿಸಿದವರು ನಮ್ಮ ಅಮ್ಮ ಎಂಬುದೂ ಗೊತ್ತು. ಇಲ್ಲವೆಂದು ಹೇಳಿಬಿಡು. ಇವರು ತಮಗೆ ಹುಟ್ಟಿದ ಮಗುವಿಗೇ ದೀಕ್ಷಾಸ್ನಾನ ಕೊಡುವುದಿಲ್ಲ; ಬುದ್ಧಿ ಬಲಿತ ಮೇಲೆ ಅದೇ ಬಂದು ಕೇಳಬೇಕು. ಈ ಹಟ ಅಗ್ಗದಲ್ಲಿ ಬಂದದ್ದಲ್ಲ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಇವರ ಪಂಥದ ಮೂಲಪುರುಷರಾದ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. 1527ರ ಜನವರಿಯಲ್ಲಿ ಅವರ ಪೈಕಿಯ ಫೆಲಿಕ್ಸ್ ಮಾನ್ಜ್‌ನನ್ನು ಅದೇ ಊರಿನ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿನ ತಪ್ಪಿಗೆ ನೀರಿನ ಶಿಕ್ಷೆ!

ಹಾಡಿನ ವಿಷಯ ಕೇಳು. ಪಿಯಾನೊ ಇದೆ, ಆದರೆ ಹೆಚ್ಚಿನ ಹಾಡುಗಳಿಗೆ ಅದರ ಮುಚ್ಚಳವನ್ನೇ ತೆಗೆಯುವುದಿಲ್ಲ. ಒಬ್ಬಾಕೆ ಎದ್ದು ಶ್ರುತಿ ಹಿಡಿದುಕೊಟ್ಟು ಕೈ ಎತ್ತುತ್ತಾರೆ, ಅಷ್ಟೇ. ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಇಲ್ಲಿ ಒಂದೇ ಹಾಡನ್ನು ನಾಲ್ಕು ಧಾಟಿಗಳಲ್ಲಿ ಏಕಕಾಲಕ್ಕೆ ಹಾಡುತ್ತಾರೆ, ಹಾಲು ಮಾರುವವರಿಂದ ಹಿಡಿದು ಹೈಸ್ಕೂಲು ಹುಡುಗರವರೆಗೆ. ಇವರಿಗೆ ಬಲುಪ್ರಿಯವಾದ ಹಾಡೊಂದಿದೆ. 1969ರ ಪುಸ್ತಕದಲ್ಲಿ ಅದರ ಸಂಖ್ಯೆ 606 ಇತ್ತು. ಪುಸ್ತಕ ಬದಲಾಗಿ ಸಂಖ್ಯೆ ಬದಲಾದರೂ ಹೆಸರು ಮಾತ್ರ 606 ಎಂದೇ ಉಳಿದುಕೊಂಡಿದೆ. ಅಜ್ಜ ಪುಸ್ತಕವನ್ನು ನನ್ನತ್ತ ವಾಲಿಸಿ, ಕೆಳಗಿನ ಸಾಲಿನ ಮೇಲೆ ಬೆರಳಾಡಿಸುತ್ತಾ ಮಂದ್ರದಲ್ಲಿ ಗುನುಗುತ್ತಾರೆ. ನಾನು ಅವರ ಸ್ವರದ ಬಾಲ ಹಿಡಿದು ಹೋಗುತ್ತೇನೆ.

ಆಮೇಲೆ ದೊಡ್ಡವರಿಗೂ ಸಂಡೇ ಸ್ಕೂಲ್. ಕುರ್ಚಿಗಳು ದುಂಡಗೆ, ಪಾಠ ನಡೆಸುವವರು ಒಬ್ಬ ಎಲೆಕ್ಟ್ರಿಷಿಯನ್. ಕಳೆದ ತಿಂಗಳು ಡಿರ್ಕ್ ವಿಲೆಮ್ಸ್‌ನ ಕತೆ ಬಂತು. 1569ರಲ್ಲಿ ಹಾಲೆಂಡಿನಲ್ಲಿ, ಇದೇ ನಂಬಿಕೆಗಾಗಿ ಸೇರಿದ್ದ ಸೆರೆಮನೆಯಿಂದ ತಪ್ಪಿಸಿಕೊಂಡು ತೆಳು ಮಂಜುಗಡ್ಡೆ ದಾಟಿದವನು. ಬೆನ್ನಟ್ಟಿದವನ ಕಾಲಡಿ ಮಂಜು ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಮೇಲೆತ್ತಿದ, ಸಿಕ್ಕಿಬಿದ್ದ; ಅವನನ್ನು ಜೀವಂತ ಸುಟ್ಟರು. "ನಾನಾಗಿದ್ದರೆ ಓಡುತ್ತಿದ್ದೆ" ಎಂದರು ಎಲೆಕ್ಟ್ರಿಷಿಯನ್. ಯಾರೂ ಅವರನ್ನು ತಿದ್ದಲಿಲ್ಲ. ನನಗೆ ಆ ಮೌನವೇ ಹಿಡಿಸಿತು.

ಊಟಕ್ಕೆ ಎಲ್ಲರೂ ಏನಾದರೊಂದು ಮಾಡಿ ತರುತ್ತಾರೆ. ನನ್ನ ಚಿತ್ರಾನ್ನ ಪ್ರತಿ ಸಲವೂ ಖಾಲಿ. ಒಬ್ಬ ಅಜ್ಜಿ ನಿಮ್ಮ ಊರು ಧಮ್ತರಿಗೆ ಹತ್ತಿರವೇ ಎಂದು ಕೇಳಿದರು. ಈಗಿನ ಛತ್ತೀಸ್‌ಗಢದ ಆ ಊರಿಗೆ ಇವರ ಮಿಷನ್ 1899ರಲ್ಲೇ ಹೋಗಿತ್ತಂತೆ. ನಾನು ನೋಡಿಯೇ ಇಲ್ಲ ಎಂದಾಗ ಪಾಪ, ಅವರಿಗೆ ನಿರಾಸೆ.

ಇಷ್ಟೆಲ್ಲ ಬರೆದದ್ದು ಈಸ್ಟರ್‌ಗೆ ಮುಂಚಿನ ಗುರುವಾರದ ಸಂಗತಿ ಹೇಳಲು. ಅಂದು ಸಂಜೆ ಇವರು ಇಬ್ಬಿಬ್ಬರಾಗಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಪ್ಲಾಸ್ಟಿಕ್ ಬೇಸಿನ್ನು, ಮಡಚಿಟ್ಟ ಟವೆಲು. ನೋಡಲು ಹೋದ ನನ್ನ ಮುಂದೆ ಎಂಬತ್ತು ದಾಟಿದ ಅಜ್ಜ ಮಂಡಿಯೂರಿದರು. ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ. ಮದುವೆಯ ದಿನ ಮಾವ ನನ್ನ ಕಾಲು ತೊಳೆದಾಗ ನಾನು ಚಪ್ಪರ ನೋಡುತ್ತಾ ಕೂತದ್ದು, ನೀನು ಹಿಂದಿನಿಂದ ಕಿಸಕ್ಕೆಂದದ್ದು ನೆನಪಿದೆ ತಾನೇ? ಅಂದು ವರ ವಿಷ್ಣುಸ್ವರೂಪಿ ಎಂಬ ನೆಪವಾದರೂ ಇತ್ತು. ಇಲ್ಲಿ ಯಾವ ನೆಪವೂ ಇಲ್ಲ. ಅಜ್ಜ ಹಿಮ್ಮಡಿ ಹಿಡಿದು, ನೀರು ಮೊಗೆದು ಸುರಿದು, ಬೆರಳ ಸಂದಿಯನ್ನೂ ಬಿಡದೆ ಒರೆಸಿದರು. ಏಳಲಾಗದೆ ನನ್ನ ಭುಜ ಹಿಡಿದರು. ಆಮೇಲೆ ನನ್ನ ಸರದಿ. ಅವರ ಹೆಬ್ಬೆರಳಿನ ಉಗುರು ಕಪ್ಪಗೆ ಜಜ್ಜಿಹೋಗಿತ್ತು. ಅಲ್ಲಿ ಕೈ ನಿಧಾನವಾಯಿತು.

ಮನೆಗೆ ಬರುವಾಗ ಕಾರಿನಲ್ಲಿ ಅಜ್ಜ ಕೇಳಿದ್ದು ಒಂದೇ ಮಾತು: "ನೀರು ತಣ್ಣಗಿತ್ತೇ?"

ತಣ್ಣಗೇ ಇತ್ತು. ಬೆಚ್ಚಗಿತ್ತು ಎಂದೆ.

ಇಂತಿ,
ನಿನ್ನ ಹಳೆಯ ಬೆಂಚುಗಾರ