ಮಂಜುಗೆ, ಹಳೇ ಲ್ಯಾಪ್‌ಟಾಪ್‌ಗಳ ವಿಚಾರವಾಗಿ

ಪ್ರೀತಿಯ ಮಂಜು,

ನಿಮ್ಮ ಆಫೀಸಿನವರು ತೆಗೆದುಹಾಕುವ ಲ್ಯಾಪ್‌ಟಾಪ್‌ಗಳನ್ನು ಸುಡಾನ್ ಮಕ್ಕಳಿಗೆ ಕಳಿಸೋಣವಾ ಅಂತ ನೀನು ಕೇಳಿದ್ದೆ. 2023ರ ಏಪ್ರಿಲ್‌ನಿಂದ ಅಲ್ಲಿ ಯುದ್ಧ. ಶಾಲೆ ತಪ್ಪಿದ ಆ ಮಕ್ಕಳ ಬಗ್ಗೆ ನಿನಗಿರುವ ಸಂಕಟ ನನಗೂ ಇದೆ. ಆದರೆ ಬರೀ ಮೆಷಿನ್ ಕಳಿಸೋದು ಬೇಡ ಕಣೋ.

ನೂರು ಡಾಲರ್ ಲ್ಯಾಪ್‌ಟಾಪ್ ನೆನಪಿದೆಯಾ? ಬಡ ದೇಶಗಳ ಮಕ್ಕಳಿಗೆ ಅಂತ ಅಮೆರಿಕದ ಪ್ರೊಫೆಸರ್ ನಿಕೋಲಸ್ ನೆಗ್ರೋಪಾಂಟೆ 2005ರಲ್ಲಿ ಘೋಷಿಸಿದ್ದು. ಎಕ್ಸ್‌ಒ ಅನ್ನೋ ಆ ಹಸಿರು-ಬಿಳಿ ಲ್ಯಾಪ್‌ಟಾಪ್ ನಿಜಕ್ಕೂ ಒಳ್ಳೆಯ ಮೆಷಿನ್. ಬಿಸಿಲಿನಲ್ಲೂ ಓದಬಹುದಾದ ಪರದೆ, ಧೂಳು ನುಗ್ಗದ ರಬ್ಬರ್ ಕೀಬೋರ್ಡ್. ಹಾರ್ಡ್ ಡಿಸ್ಕೇ ಇಲ್ಲ, ಕರೆಂಟೂ ತುಂಬಾ ಕಡಿಮೆ. ಬೆಲೆ ಮಾತ್ರ 200 ಡಾಲರ್ ಹತ್ತಿರ ಹೋಯಿತು. ಅಫ್ಘಾನಿಸ್ತಾನ, ಗಾಜಾದ ಮಕ್ಕಳ ಕೈಗೂ ಸೇರಿತು. ಪೆರು ದೇಶವೊಂದೇ 8 ಲಕ್ಷಕ್ಕಿಂತ ಜಾಸ್ತಿ ಹಂಚಿತು. 2012ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಅಲ್ಲಿನ ಹಳ್ಳಿ ಶಾಲೆಗಳ ಅಧ್ಯಯನ ಪ್ರಕಟಿಸಿತು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಹೋದ ಗುರುತು ಸಿಗಲಿಲ್ಲ. ಇಂಟರ್ನೆಟ್ ಇಲ್ಲ, ಮೇಷ್ಟ್ರಿಗೆ ತರಬೇತಿ ಸಾಲದು. ಮೇಷ್ಟ್ರೇ ಊರು ಬಿಟ್ಟು ಓಡಿರುವ ಕಡೆ ಇನ್ನೇನು ಗತಿ, ಹೇಳು.

ಸುಡಾನ್‌ನಲ್ಲೇ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ಯುದ್ಧಕ್ಕೆ ಸಿಕ್ಕ ಮಕ್ಕಳಿಗಾಗಿ ಕೆಲಸ ಮಾಡುವ ವಾರ್ ಚೈಲ್ಡ್ ಸಂಸ್ಥೆಯ 'ಕಾಂಟ್ ವೇಟ್ ಟು ಲರ್ನ್' ಅನ್ನೋ ಕಾರ್ಯಕ್ರಮ. ಅವರು ಮೊದಲು ಪಾಠ ತಯಾರಿಸಿದರು. ಅಲ್ಲಿನ ಸರ್ಕಾರದ್ದೇ ಪಠ್ಯದ ಗಣಿತವನ್ನು ಅರಬ್ಬಿಯಲ್ಲಿ ಆಟದ ಹಾಗೆ ಮಾಡಿ ಟ್ಯಾಬ್ಲೆಟ್‌ಗೆ ಹಾಕಿದರು. ಇಂಟರ್ನೆಟ್ ಬೇಡ, ಚಾರ್ಜಿಗೆ ಸೋಲಾರ್. ಶಾಲೆಯೇ ಇಲ್ಲದ ಹಳ್ಳಿಗಳಲ್ಲಿ ಅದೇ ಊರಿನ ಒಬ್ಬರಿಗೆ ತರಬೇತಿ ಕೊಟ್ಟು ಮಕ್ಕಳ ಜೊತೆ ಕೂರಿಸಿದರು. ಮಗು ತನಗೆ ಬಂದಷ್ಟು ವೇಗದಲ್ಲಿ ಕಲಿಯುತ್ತದೆ. ನಾಲ್ಕು ದಿನ ಬರಲಾಗದಿದ್ದರೆ ನಿಂತಲ್ಲಿಂದಲೇ ಮುಂದುವರಿಸುತ್ತದೆ. ಯುದ್ಧದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿನ ಮಕ್ಕಳ ಗಣಿತ ನಿಜವಾಗಿ ಸುಧಾರಿಸಿತು.

ನಿಮ್ಮ ಲ್ಯಾಪ್‌ಟಾಪ್‌ಗಳನ್ನೇ ನೋಡು. ಬ್ಯಾಟರಿ ಸೋತಿವೆ. ಚಾರ್ಜರ್ 65 ವಾಟ್‌ನದು. ಒಂದು ತರಗತಿಗೆ ಆಗುವಷ್ಟು ಸೋಲಾರ್ ಪ್ಯಾನೆಲ್ ಎಲ್ಲಿಂದ ತರೋದು? ಅರಬ್ಬಿ ಪಾಠ ಯಾರು ಹಾಕಬೇಕು? ಕೆಟ್ಟರೆ ರಿಪೇರಿ ಯಾರು ಮಾಡಬೇಕು? ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್ ಇರೋದು ಇಲ್ಲಿ ಬೆಂಗಳೂರಲ್ಲಿ, ಅಲ್ಲಲ್ಲ.

ಅದಕ್ಕೇ ಹೇಳ್ತೀನಿ, ಅವನ್ನು ಎಸ್‌ಪಿ ರೋಡಿನಲ್ಲೇ ಮಾರೋಣ. ಬಂದ ದುಡ್ಡನ್ನು ಪಾಠ ಸಿದ್ಧ ಇಟ್ಟುಕೊಂಡಿರುವ ಇಂಥವರಿಗೆ ಕಳಿಸೋಣ. ಸೋಲಾರ್‌ಗೋ, ಕಲಿಸುವವರ ಸಂಬಳಕ್ಕೋ ಆಗುತ್ತದೆ. ಪತ್ರಿಕೆಯಲ್ಲಿ ಫೋಟೋ ಬರಲ್ಲ, ಬರದಿದ್ದರೆ ಬೇಡ ಬಿಡು.

ನಿಮ್ಮ ಮ್ಯಾನೇಜರ್ ಒಪ್ಪುತ್ತಾರಾ ಕೇಳು. ಮಾರುವ ಮೊದಲು ಡೇಟಾ ಪೂರ್ತಿ ಅಳಿಸಿಕೊಡುವ ಕೆಲಸ ನನಗಿರಲಿ.

ನಿನ್ನ,
ರಘು