ದಕ್ಷಿಣದವರು ಗೆದ್ದಿದ್ದರೆ ಅಂತಲೇ ಯಾಕೆ ಕೇಳಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವಿದೇಶಿ ಸರಣಿಗಳ ಬಗ್ಗೆ ಬಂದ ಲೇಖನ ಓದಿದೆ. ಎಚ್‌ಬಿಒ ಚಾನೆಲ್ಲಿನ 'ಕಾನ್ಫೆಡರೇಟ್' ಸರಣಿಯನ್ನು ಟ್ವಿಟರ್ ಮಂದಿ ಗಲಾಟೆ ಮಾಡಿ ನಿಲ್ಲಿಸಿದರು, ಒಂದು ದಿಟ್ಟ ಕಲ್ಪನೆ ಹುಟ್ಟುವ ಮೊದಲೇ ಸತ್ತಿತು ಎಂದು ಅದರಲ್ಲಿ ಬರೆದಿದೆ. 'ನಿಷೇಧ' ಅನ್ನುವ ಮಾತೂ ಬಂದಿದೆ. ಇದು ನನಗೆ ಸರಿ ಕಾಣಲಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಜಾಗ ಸಾಲದಿದ್ದರೆ ಕತ್ತರಿ ಹಾಕಿಕೊಳ್ಳಿ.

ಮೊದಲು ನಡೆದದ್ದು ಏನು ಅಂತ ಹೇಳಿಬಿಡುತ್ತೇನೆ. 2017ರ ಜುಲೈ 19ರಂದು ಎಚ್‌ಬಿಒ ಈ ಸರಣಿಯನ್ನು ಘೋಷಿಸಿತು. ಮಾಡುವವರು 'ಗೇಮ್ ಆಫ್ ಥ್ರೋನ್ಸ್' ಮಾಡಿದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್. ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾಗಿ, ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳು (ಕಾನ್ಫೆಡರೇಟ್ ಅಂದರೆ ಇವೇ) ಸೋಲದೆ ಬೇರೆ ದೇಶವಾಗಿಯೇ ಉಳಿದಿವೆ, ಅಲ್ಲಿ ಗುಲಾಮಗಿರಿ ಇವತ್ತಿಗೂ ಕಾನೂನುಬದ್ಧವಾಗಿ, ಆಧುನಿಕ ವ್ಯವಸ್ಥೆಯಾಗಿ ನಡೆದುಕೊಂಡು ಬಂದಿದೆ, ಇನ್ನೊಂದು ಯುದ್ಧ ಹತ್ತಿರದಲ್ಲಿದೆ, ಇದು ಕಥೆಯ ಎಳೆ. ಜೊತೆಗೆ ಬರೆಯಬೇಕಿದ್ದ ಮಾಲ್ಕಮ್ ಸ್ಪೆಲ್‌ಮನ್ ಮತ್ತು ನಿಶೆಲ್ ಟ್ರಾಂಬಲ್ ಸ್ಪೆಲ್‌ಮನ್ ದಂಪತಿ ಕಪ್ಪು ಜನರೇ. ಅದನ್ನೂ ಹೇಳಬೇಕು, ಯಾಕೆಂದರೆ ವಿರೋಧಿಸಿದವರು ಎಷ್ಟೋ ಸಲ ಅದನ್ನು ಬಿಟ್ಟೇ ಮಾತಾಡುತ್ತಾರೆ.

ಜುಲೈ 30ರ ಭಾನುವಾರ ರಾತ್ರಿ, ಸರಿಯಾಗಿ 'ಗೇಮ್ ಆಫ್ ಥ್ರೋನ್ಸ್' ಪ್ರಸಾರವಾಗುವ ಹೊತ್ತಿಗೆ, ಏಪ್ರಿಲ್ ರೇನ್ ಮತ್ತು ಅವರ ಜೊತೆಗಾರ್ತಿಯರು 'ನೋ ಕಾನ್ಫೆಡರೇಟ್' ಎಂಬ ಹ್ಯಾಷ್‌ಟ್ಯಾಗ್ ಬಿಟ್ಟರು. ಆಸ್ಕರ್ ಪ್ರಶಸ್ತಿಗಳಲ್ಲಿ ಬಿಳಿಯರೇ ತುಂಬಿರುತ್ತಾರೆ ಅನ್ನುವ ಅಭಿಯಾನ ಶುರು ಮಾಡಿದ್ದೂ ಇದೇ ಏಪ್ರಿಲ್ ರೇನ್. ಆ ರಾತ್ರಿ ಅಮೆರಿಕದಲ್ಲಿ ಅದೇ ಸುದ್ದಿ. ಚಾನೆಲ್‌ನವರು, ಇನ್ನೂ ನೋಡಲು ಏನೂ ಇಲ್ಲ, ಸ್ವಲ್ಪ ತಡೆಯಿರಿ ಅಂದರು. ಅದಕ್ಕೂ ಕೆಲವು ದಿನ ಮೊದಲೇ ಅವರ ಕಾರ್ಯಕ್ರಮಗಳ ಮುಖ್ಯಸ್ಥ ಕೇಸಿ ಬ್ಲಾಯ್ಸ್, ಇಂಥ ವಿಷಯವನ್ನು ಬರೀ ಒಂದು ಪತ್ರಿಕಾ ಪ್ರಕಟಣೆಯಲ್ಲಿ ಹೇಳಿದ್ದೇ ತಪ್ಪಾಯಿತು ಎಂದೂ ಒಪ್ಪಿಕೊಂಡಿದ್ದರು.

ಆದರೆ ಅದೇ ತಿಂಗಳು ಸರಣಿ ನಿಂತಿತಾ? ಇಲ್ಲ. ಎರಡು ವರ್ಷ ಹಾಗೇ ಇತ್ತು. 2019ರ ಆಗಸ್ಟ್‌ನಲ್ಲಿ ಬೆನಿಯಾಫ್ ಮತ್ತು ವೈಸ್ ನೆಟ್‌ಫ್ಲಿಕ್ಸ್ ಜೊತೆ ದೊಡ್ಡ ಒಪ್ಪಂದ ಮಾಡಿಕೊಂಡು ಹೊರಟರು, ಮಾಡುವವರೇ ಹೋದ ಮೇಲೆ ಸರಣಿಯೂ ಹೋಯಿತು. ವಿರೋಧದ ಬಿಸಿ ತಟ್ಟಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಿಷೇಧ ಮಾತ್ರ ಅಲ್ಲ. ನಿಷೇಧ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ! ನಮ್ಮಲ್ಲಿ ಒಂದು ಸಿನಿಮಾ ಬೇಡ ಅಂದರೆ ಪೋಸ್ಟರ್ ಹರಿಯುತ್ತಾರೆ, ಥಿಯೇಟರಿನ ಗಾಜು ಒಡೆಯುತ್ತಾರೆ, ಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆ. ಅಲ್ಲಿ ಜನ ದುಡ್ಡು ಕೊಟ್ಟು ನೋಡುವ ಚಾನೆಲ್ಲಿಗೆ, ಇದು ನಮಗೆ ಬೇಡ ಅಂದರು, ಅಷ್ಟೇ. ಗಿರಾಕಿಗೆ ಅಷ್ಟೂ ಹಕ್ಕಿಲ್ವಾ?

ಒಂದು ವಿಷಯದಲ್ಲಿ ಲೇಖಕರ ಜೊತೆ ನಾನೂ ಇದ್ದೇನೆ. ಒಂದು ಪುಟ ಸ್ಕ್ರಿಪ್ಟ್ ಕೂಡ ಬರೆಯದ ಕಥೆಯನ್ನು ಬೇಡ ಅನ್ನುವುದು ಇರಿಸುಮುರಿಸಿನ ವಿಷಯವೇ. ನಾಳೆ ಇದೇ ಅಸ್ತ್ರವನ್ನು ಬೇರೆಯವರೂ ಎತ್ತಿಕೊಳ್ಳಬಹುದು. ಆದರೆ ಆ ಜನ ಯಾಕೆ ಕಾಯಲಿಲ್ಲ ಅನ್ನುವುದಕ್ಕೂ ಕಾರಣ ಇದೆ. 'ಗೇಮ್ ಆಫ್ ಥ್ರೋನ್ಸ್' ಮೂರನೇ ಸೀಸನ್ನಿನ ಕೊನೆ ನೆನಪಿದೆಯಾ? ಬಿಳಿ ಕೂದಲಿನ ಬಿಳಿ ರಾಣಿ, ಸುತ್ತ ಸಾವಿರಾರು ಕಂದು ಬಣ್ಣದ ಗುಲಾಮರು, ಅವಳನ್ನು ಅಮ್ಮಾ ಅಮ್ಮಾ ಅಂತ ಎತ್ತಿ ಮೆರೆಸುತ್ತಾರೆ. ಬಿಡುಗಡೆಯಾದವರಲ್ಲಿ ಒಬ್ಬನ ಮುಖವೂ ನಮಗೆ ನೆನಪಿರುವುದಿಲ್ಲ. 2013ರಲ್ಲೇ ಇದಕ್ಕೆ ತಕರಾರು ಬಂದಿತ್ತು. ಗುಲಾಮಗಿರಿಯನ್ನು ಹೀಗೆ ತೋರಿಸಿದವರ ಕೈಗೆ ಮತ್ತೆ ಗುಲಾಮಗಿರಿಯ ಕಥೆಯನ್ನೇ ಕೊಡುತ್ತೇವೆ, ಬಾಯಿ ಮುಚ್ಚಿಕೊಂಡು ಕಾಯಿರಿ ಅಂದರೆ ಯಾರು ಕಾಯುತ್ತಾರೆ?

ಇನ್ನೊಂದು ವಾದವನ್ನೂ ಲೇಖನ ಎತ್ತಿದೆ. ಹಿಟ್ಲರ್ ಗೆದ್ದಿದ್ದರೆ ಅಂತ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಬಂದಾಗ ಯಾರೂ ಮಾತಾಡಲಿಲ್ಲ, ಇದಕ್ಕೆ ಮಾತ್ರ ಯಾಕೆ ಅಂತ. ಯಾರೂ ಮಾತಾಡಲಿಲ್ಲ ಅನ್ನುವುದೇ ತಪ್ಪು. 2015ರಲ್ಲಿ ಆ ಸರಣಿಯ ಜಾಹೀರಾತಿಗಾಗಿ ನ್ಯೂಯಾರ್ಕಿನ ಒಂದು ಮೆಟ್ರೊ ರೈಲಿನ ಸೀಟುಗಳಿಗೆ ನಾಜಿ ಶೈಲಿಯ ಚಿಹ್ನೆ ಅಂಟಿಸಿದ್ದರು, ಜನ ಬೈದ ಮೇಲೆ ಕಿತ್ತು ಹಾಕಿದರು. ಅದು ಹೋಗಲಿ. ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ನಾಜಿಗಳು ಅಮೆರಿಕವನ್ನು ಆಳಲಿಲ್ಲ. ಹಾಗಾಗಿ ಆಳಿದ್ದರೆ ಅಂತ ಕೇಳಬಹುದು. ಗುಲಾಮಗಿರಿ ಮಾತ್ರ ಅಲ್ಲಿ ನಿಜಕ್ಕೂ ನಡೆದದ್ದು. 1860ರ ಜನಗಣತಿಯಲ್ಲೇ ಸುಮಾರು 40 ಲಕ್ಷ ಜನ ಗುಲಾಮರೆಂದು ಲೆಕ್ಕ ಸಿಗುತ್ತದೆ. ಯುದ್ಧದಲ್ಲಿ ಸೋತವರಿಗೆ ಶಿಲೆ ನಿಲ್ಲಿಸಿದ್ದೂ ನಿಜ. ದಕ್ಷಿಣದ ಸೇನಾನಿಗಳಿಗೂ ಸೈನಿಕರಿಗೂ ಕಟ್ಟಿದ ಸ್ಮಾರಕಗಳು 2016ರ ಒಂದು ಎಣಿಕೆಯಲ್ಲಿ 700ಕ್ಕೂ ಜಾಸ್ತಿ ಇದ್ದವು. ಹೆಚ್ಚಿನವು ಯುದ್ಧ ಮುಗಿದ ಕೂಡಲೇ ಎದ್ದವೂ ಅಲ್ಲ. ಕಪ್ಪು ಜನರ ಓಟು ಕಿತ್ತುಕೊಂಡು ಬೇರೆ ಬೋಗಿ, ಬೇರೆ ಶಾಲೆ ಅಂತ ಕಾನೂನು ಮಾಡಿದ ಕಾಲದಲ್ಲಿ ಎದ್ದವು.

1865ರಲ್ಲಿ ಗುಲಾಮಗಿರಿ ರದ್ದು ಮಾಡಿದ, ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿಯಲ್ಲೂ ಒಂದು ಕಿಂಡಿ ಇದೆ. ಅಪರಾಧಕ್ಕೆ ಶಿಕ್ಷೆಯಾಗಿ ಆದರೆ ದುಡಿಸಬಹುದು. ಆ ಕಿಂಡಿಯಲ್ಲೇ ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿಗೆ, ತೋಟಕ್ಕೆ ಬಾಡಿಗೆಗೆ ಕೊಟ್ಟವು. ಲೂಸಿಯಾನದ ಅಂಗೋಲಾ ಜೈಲು ಇವತ್ತಿಗೂ ಹಳೆಯ ಗುಲಾಮರ ತೋಟದ ನೆಲದಲ್ಲೇ ಇದೆ. ಸುಮಾರು 18,000 ಎಕರೆ. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಗಂಟೆಗೆ ಕೆಲವೇ ಸೆಂಟ್ ಕೂಲಿಗೆ, ಕೆಲವೊಮ್ಮೆ ಅದೂ ಇಲ್ಲದೆ, ಹೊಲದಲ್ಲಿ ದುಡಿಯುತ್ತಾರೆ. ಗುಲಾಮಗಿರಿ ಆಧುನಿಕವಾಗಿ ಮುಂದುವರಿದಿದ್ದರೆ ಹೇಗಿರುತ್ತಿತ್ತು ಅಂತ ಕಲ್ಪಿಸಲು ಅಷ್ಟು ದೊಡ್ಡ ಬಜೆಟ್ ಯಾಕೆ ಬೇಕಿತ್ತೋ!

'ಕಾನ್ಫೆಡರೇಟ್' ಘೋಷಣೆಯಾಗಿ ತಿಂಗಳೂ ತುಂಬಿರಲಿಲ್ಲ, 2017ರ ಆಗಸ್ಟ್ 12ರಂದು ಶಾರ್ಲಟ್ಸ್‌ವಿಲ್‌ನಲ್ಲಿ ಏನಾಯಿತು ಅಂತ ನಿಮಗೂ ಗೊತ್ತು. ದಕ್ಷಿಣದ ಸೇನಾನಿ ಜನರಲ್ ಲೀ ಪ್ರತಿಮೆ ತೆಗೆಯಬಾರದು ಅಂತ ಸೇರಿದ ಬಿಳಿ ಜನಾಂಗವಾದಿಗಳಲ್ಲಿ ಒಬ್ಬ ಎದುರು ನಿಂತವರ ಮೇಲೆ ಕಾರು ಹರಿಸಿ ಹೆದರ್ ಹೇಯರ್ ಎಂಬ ಹೆಣ್ಣುಮಗಳನ್ನು ಕೊಂದ. ಅಂಥ ಊರಿನಲ್ಲಿ ಇರುವವರಿಗೆ ಇದು ಪರ್ಯಾಯ ಇತಿಹಾಸ ಅಂತ ಅನ್ನಿಸುವುದು ಕಷ್ಟ.

ಹಾಗಂತ ಕಪ್ಪು ಜನರಿಗೆ ಇಂಥ ಕಲ್ಪನೆಯೇ ಆಗಿಬರುವುದಿಲ್ಲ ಅನ್ನುವುದೂ ಸುಳ್ಳು. ಇದೇ ಎಳೆ ಇಟ್ಟುಕೊಂಡು, ದಕ್ಷಿಣ ಗೆದ್ದ ಅಮೆರಿಕದ ಸುಳ್ಳು ಸಾಕ್ಷ್ಯಚಿತ್ರವೊಂದನ್ನು 2004ರಲ್ಲೇ ಕೆವಿನ್ ವಿಲ್‌ಮಟ್ ಮಾಡಿದ್ದರು. ಅವರು ಕಪ್ಪು ನಿರ್ದೇಶಕ. ನಡುನಡುವೆ ಬರುವ ಜಾಹೀರಾತುಗಳಲ್ಲಿ ಕಪ್ಪು ಜನರನ್ನು ಹಂಗಿಸುವ ಹೆಸರಿನ ಸಾಮಾನುಗಳಿವೆ, ನೋಡುವವರು ನಗುತ್ತಾರೆ. ಕೊನೆಗೆ ನೋಡಿದರೆ ಅವುಗಳಲ್ಲಿ ಕೆಲವು ಅಮೆರಿಕದ ಅಂಗಡಿಗಳಲ್ಲಿ ನಿಜಕ್ಕೂ ಮಾರಾಟವಾದವು!

ಈಗ ನನ್ನ ಮುಖ್ಯ ತಕರಾರು. 'ಕಾನ್ಫೆಡರೇಟ್' ಹೋಯಿತು ಅಂತ ಅಳುವವರು ಒಬ್ಬರೂ 'ಬ್ಲ್ಯಾಕ್ ಅಮೆರಿಕ' ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಅದೇ 2017ರ ಆಗಸ್ಟ್ 1ರಂದು ಅಮೆಜಾನ್ ಆ ಹೆಸರಿನ ಸರಣಿಯ ಸುದ್ದಿ ಹೊರಗೆ ಬಿಟ್ಟಿತು. ವಿಲ್ ಪ್ಯಾಕರ್ ಮತ್ತು ಆರನ್ ಮಗ್ರೂಡರ್ ಅವರದ್ದು. ಬಿಡುಗಡೆಯಾದ ಗುಲಾಮರಿಗೆ ಪರಿಹಾರವಾಗಿ ಲೂಸಿಯಾನ, ಮಿಸ್ಸಿಸಿಪ್ಪಿ, ಅಲಬಾಮ ಮೂರೂ ಸಿಕ್ಕಿ, ಅವರು 'ನ್ಯೂ ಕಲೋನಿಯಾ' ಎಂಬ ತಮ್ಮದೇ ದೇಶ ಕಟ್ಟಿದ್ದಾರೆ ಅನ್ನುವ ಕಥೆ. ಅದೂ ತೆರೆಗೆ ಬರಲಿಲ್ಲ. ಯಾವ ಹ್ಯಾಷ್‌ಟ್ಯಾಗೂ ಅದನ್ನು ತಡೆದಿರಲಿಲ್ಲ. ಸುಮ್ನೆ ಮಾಯವಾಯಿತು. ಕಲ್ಪನೆಯ ಸ್ವಾತಂತ್ರ್ಯದ ಬಗ್ಗೆ ನಿಮ್ಮ ಲೇಖನದಲ್ಲಿ ಅಷ್ಟೆಲ್ಲ ಇದೆ, ಇದರ ಬಗ್ಗೆ ಒಂದು ಸಾಲಿಲ್ಲ.

ತಮಾಷೆ ಅಂದರೆ ಎರಡರಲ್ಲಿ ನಿಜಕ್ಕೆ ಹತ್ತಿರ ಇದ್ದದ್ದು ಇದೇ. 1865ರ ಜನವರಿ 12ರಂದು ದಕ್ಷಿಣದ ಸವಾನಾ ಊರಿನಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ಮತ್ತು ಯುದ್ಧ ಮಂತ್ರಿ ಸ್ಟ್ಯಾಂಟನ್ 20 ಜನ ಕಪ್ಪು ಪಾದ್ರಿಗಳನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು ಅಂತ ಕೇಳಿದರು. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜಿಯರ್ ಎಂಬ ಹಿರಿಯರು, ನಮಗೆ ಭೂಮಿ ಬೇಕು, ನಾವೇ ಉಳುತ್ತೇವೆ, ನಮ್ಮ ಹೊಟ್ಟೆ ನಾವೇ ಹೊರೆದುಕೊಳ್ಳುತ್ತೇವೆ ಎಂಬರ್ಥದಲ್ಲಿ ಹೇಳಿದರು. ನಾಲ್ಕು ದಿನದಲ್ಲಿ ಆದೇಶ ಬಂತು. ಸೌತ್ ಕೆರೊಲಿನಾದಿಂದ ಫ್ಲಾರಿಡಾ ತನಕ ಕರಾವಳಿಯ ದ್ವೀಪಗಳು, ಮಾಲೀಕರು ಬಿಟ್ಟು ಓಡಿದ ಭತ್ತದ ಗದ್ದೆಗಳು, ಕುಟುಂಬಕ್ಕೆ 40 ಎಕರೆ ಮೀರದಂತೆ. ಜೂನ್ ಹೊತ್ತಿಗೆ ಸುಮಾರು 40,000 ಜನ 4 ಲಕ್ಷ ಎಕರೆಯಲ್ಲಿ ನೆಲೆ ನಿಂತಿದ್ದರು. ಅಷ್ಟರಲ್ಲಿ ಲಿಂಕನ್ ಕೊಲೆಯಾಗಿ ಆಂಡ್ರೂ ಜಾನ್ಸನ್ ಅಧ್ಯಕ್ಷನಾಗಿ ಬಂದಿದ್ದ. ಹೆಚ್ಚುಕಡಿಮೆ ಆ ಭೂಮಿಯನ್ನೆಲ್ಲ ಹಳೆಯ ಧಣಿಗಳಿಗೆ ವಾಪಸ್ ಕೊಡಿಸಿದ. ಆ ವರ್ಷದ ಅಕ್ಟೋಬರಿನಲ್ಲಿ ಎಡಿಸ್ಟೊ ದ್ವೀಪದ ಚರ್ಚಿನಲ್ಲಿ ಸೇರಿದ್ದ ಜನರಿಗೆ ಈ ಸುದ್ದಿ ಹೇಳುವ ಕೆಲಸ, ಬಿಡುಗಡೆಯಾದವರನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಮುಖ್ಯಸ್ಥ ಜನರಲ್ ಹೊವರ್ಡ್ ಪಾಲಿಗೆ ಬಂತು. ಧಣಿಗಳನ್ನು ಕ್ಷಮಿಸಿ ಅಂತಲೂ ಹೇಳಿದ. ಅಲ್ಲಿಯವರು ಅರ್ಜಿ ಬರೆದರು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ಅಮ್ಮನನ್ನೂ ತಂಗಿಯನ್ನೂ ಚಾವಟಿಯಲ್ಲಿ ಹೊಡೆದವನನ್ನು ಹೇಗೆ ಕ್ಷಮಿಸಲಿ ಅನ್ನುವ ಮಾತು ಅದರಲ್ಲಿದೆ. ಇದೆಲ್ಲ ಆಗುವ ಮೊದಲೇ, 1862ರಲ್ಲಿ ವಾಷಿಂಗ್ಟನ್ ನಗರದ ಗುಲಾಮರನ್ನು ಬಿಡಿಸುವಾಗ ಸರ್ಕಾರ ಪರಿಹಾರ ಕೊಟ್ಟದ್ದೂ ಮಾಲೀಕರಿಗೇ. ತಲೆಗೆ 300 ಡಾಲರ್ ತನಕ.

ನಮ್ಮಲ್ಲಿ 1974ರ ಭೂ ಸುಧಾರಣೆ ಆದ ಮೇಲೆ, ಭೂನ್ಯಾಯ ಮಂಡಳಿ ಮುಂದೆ ಡಿಕ್ಲರೇಷನ್ ಹಾಕಿ ಗದ್ದೆ ಉಳಿಸಿಕೊಂಡ ಮನೆಗಳು ಎಷ್ಟೊಂದಿವೆ. ಅವರ ಮಕ್ಕಳಿಗೆ ಈ 40 ಎಕರೆಯ ಕಥೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಭೂಮಿ ಅವರ ಕೈಯಲ್ಲೇ ಉಳಿದಿದ್ದರೆ? ಆ ಮಕ್ಕಳು ಓದಿ, ಆ ಕರಾವಳಿಯಲ್ಲಿ ಊರು ಕಟ್ಟಿ, ಓಟು ಹಾಕಿ, ಶಾಸನಸಭೆ ತುಂಬಿದ್ದರೆ? ಸರಣಿ ಮಾಡುವುದಿದ್ದರೆ ನಾನು ಇದನ್ನು ಕೂತು ನೋಡುತ್ತೇನೆ. ಆದರೆ ಪದೇಪದೇ ದುಡ್ಡು ಸುರಿಯುವುದು ಸೋತ ಧಣಿಯ ಕನಸಿನ ಮೇಲೆ. ಅವನು ಗೆದ್ದಿದ್ದರೆ, ಅವನು ಗೆದ್ದಿದ್ದರೆ ಅಂತ.

ನಮಗೇನು ಸಂಬಂಧ ಅನ್ನಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಜನರಲ್ಲಿ ಎಷ್ಟೋ ಮಂದಿಯ ಹಿರಿಯರು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರು, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರೂ ಅವರಲ್ಲಿದ್ದಾರೆ. ಅವರು ಇಂಥ ಸರಣಿ ನೋಡಿ ಏನನ್ನುತ್ತಾರೆ ಅಂತ ನಿಮ್ಮ ಪುರವಣಿಯವರು ಒಮ್ಮೆ ಹೋಗಿ ಕೇಳಿಬರಲಿ, ಒಳ್ಳೆಯ ಲೇಖನವಾಗುತ್ತದೆ.

ಇನ್ನು, ಈ ಗಲಾಟೆಯಿಂದ ಜನಾಂಗದ ಬಗ್ಗೆ ಪರ್ಯಾಯ ಇತಿಹಾಸ ಬರೆಯಲು ಎಲ್ಲರೂ ಹೆದರುತ್ತಾರೆ ಅಂತ ಲೇಖನದ ಕೊನೆಯಲ್ಲಿದೆಯಲ್ಲ, ಅದೂ ಆಗಲಿಲ್ಲ. ಅದೇ ಎಚ್‌ಬಿಒ 2019ರ ಅಕ್ಟೋಬರಿನಲ್ಲಿ 'ವಾಚ್‌ಮೆನ್' ತಂದಿತು. 1921ರಲ್ಲಿ ಟಲ್ಸಾ ಊರಿನಲ್ಲಿ ಬಿಳಿಯರು ಕಪ್ಪು ಜನರ ಕೇರಿಯನ್ನು ಸುಟ್ಟು ಹಾಕಿದ ನಿಜ ಘಟನೆಯಿಂದ ಅದು ಶುರುವಾಗುತ್ತದೆ, ಮುಂದೆ ಆ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳಿಗೆ ಸರ್ಕಾರ ಪರಿಹಾರ ಕೊಟ್ಟ ಒಂದು ಬೇರೆ ಅಮೆರಿಕಕ್ಕೆ ಹೋಗುತ್ತದೆ. ಬೇಡ ಅಂತ ಯಾವ ದೊಡ್ಡ ಅಭಿಯಾನವೂ ಏಳಲಿಲ್ಲ. 11 ಎಮ್ಮಿ ಪ್ರಶಸ್ತಿ ಬಂತು. ಸಾಧ್ಯವಾದರೆ ಮುಂದಿನ ವಾರ 'ನಿಷೇಧ' ಅನ್ನುವ ಪದಕ್ಕೆ ಒಂದು ತಿದ್ದುಪಡಿ ಹಾಕಿ.

ಇತಿ,
ನಿಮ್ಮ ಹಳೆಯ ಓದುಗ, ಶಿವಮೊಗ್ಗ