ಅನ್ನದ ಅಗುಳೂ ಕಾಡಿನಲ್ಲಿ ಉಳಿಯಬಾರದು

ಮಾನ್ಯ ಸಂಪಾದಕರೆ,

ಮಳೆ ಹಿಂದೆ ಸರಿದು ಚಾರಣದ ದಿನಗಳು ಬಂತೆಂದರೆ ಬೆಟ್ಟದ ಹಾದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿ, ಕವರುಗಳ ಚಿತ್ರಗಳು ಪತ್ರಿಕೆಗಳಲ್ಲಿ ಬರತೊಡಗುತ್ತವೆ. ಬರಲೇಬೇಕು. ಆದರೆ ಚಿತ್ರಕ್ಕೆ ಸಿಗದ ಇನ್ನೊಂದು ಕಸವಿದೆ. ನಾವು ಉಂಡು ಚೆಲ್ಲಿದ ಅನ್ನ, ಎಸೆದ ಬಾಳೆಹಣ್ಣಿನ ಸಿಪ್ಪೆ, ಮಕ್ಕಳ ಕೈಯಿಂದ ಉದುರಿದ ಮಂಡಕ್ಕಿ. "ಮಣ್ಣಿಗೆ ಸೇರುವ ವಸ್ತು ತಾನೇ" ಎಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವ ಒಂದು ಕಾಡಿನ ವಿಷಯ ನಿಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಊರಿನ ಪಶ್ಚಿಮಕ್ಕೆ ಸ್ಯಾಂಟಾ ಕ್ರೂಜ್ ಬೆಟ್ಟಸಾಲು, ಅದರಾಚೆ ಪೆಸಿಫಿಕ್ ಸಾಗರ. ಆ ಬೆಟ್ಟಗಳ ಮಡಿಲಲ್ಲಿ ಮುಗಿಲೆತ್ತರ ಬೆಳೆಯುವ ರೆಡ್‌ವುಡ್ ಮರಗಳನ್ನು ಕಾಪಾಡಿಕೊಂಡಿರುವ ಹಲವು ಸ್ಟೇಟ್ ಪಾರ್ಕ್‌ಗಳು, ಎಂದರೆ ರಾಜ್ಯ ಸರ್ಕಾರದ ಉದ್ಯಾನಗಳು, ಇವೆ. ಬೇಸಿಗೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಕೂಡಿ ಪೋರ್ಟೋಲಾ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್‌ಗೆ ಟೆಂಟ್ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಟೆಂಟ್ ಹಾಕುವ ಒಂದೊಂದು ಜಾಗಕ್ಕೂ ಇಂತಿಷ್ಟೇ ಜನ ಎಂಬ ಮಿತಿ ಇದೆ. ಅಕ್ಕಪಕ್ಕದ ಜಾಗಗಳೇ ಬೇಕೆಂದರೆ ಆರು ತಿಂಗಳು ಮೊದಲೇ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಯ್ದಿರಿಸಲು ಕಂಪ್ಯೂಟರ್ ಮುಂದೆ ಕೂತಿರಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ಅಪರೂಪ. ಹಗಲೆಲ್ಲ ನಡೆದು, ತೊರೆಯಲ್ಲಿ ಕಾಲಾಡಿಸಿ, ಹಳದಿ ಬಣ್ಣದ ದೊಡ್ಡ ಗೊಂಡೆಹುಳಗಳನ್ನು ಹುಡುಕಿ ದಣಿದ ಮಕ್ಕಳು ಸಂಜೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿಗೆ ಮುಗಿಬೀಳುತ್ತಾರೆ. ಮನೆಯಲ್ಲಿ ಬೇಡ ಎನ್ನುವ ಮೊಸರನ್ನವೂ ಅಲ್ಲಿ ಖಾಲಿಯಾಗುತ್ತದೆ.

ಆ ಊಟದ ವಿಷಯದಲ್ಲಿ ಅಲ್ಲೊಂದು ಕಟ್ಟುನಿಟ್ಟು ಇದೆ. ತಿಂಡಿಯ ಒಂದು ಚೂರೂ ನೆಲದಲ್ಲಿ ಉಳಿಯಬಾರದು. ತಿನ್ನುತ್ತಿಲ್ಲವೆಂದರೆ ತಿನಿಸೆಲ್ಲ ಬಾಗಿಲು ಭದ್ರವಾಗಿರುವ ಪೆಟ್ಟಿಗೆಯೊಳಗೆ ಇರಬೇಕು, ಮೇಜಿನ ಮೇಲೆ ಬಿಟ್ಟು ನಡೆಯಲು ಹೋಗುವಂತಿಲ್ಲ. ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯುವಂತಿಲ್ಲ. ನಮ್ಮವರಿಗೆ ಕಷ್ಟವಾಗುವುದು ಈ ಕೊನೆಯದೇ. ತಟ್ಟೆ ತೊಳೆದ ಜಾಗದಲ್ಲಿ ಅಗುಳು ಬಿದ್ದಿರುವುದು ನಮ್ಮ ಕಣ್ಣಿಗೆ ಕೊಳಕಾಗಿ ಕಾಣುವುದೇ ಇಲ್ಲ.

ಈ ನಿಯಮಕ್ಕೆ ಕಾರಣ ಒಂದು ಹಕ್ಕಿ, ಮಾರ್ಬಲ್ಡ್ ಮರ್ರೆಲೆಟ್. ಗಾತ್ರದಲ್ಲಿ ಪಾರಿವಾಳಕ್ಕಿಂತ ಚಿಕ್ಕದು, ಬದುಕುವುದು ಕಡಲಿನ ಮೀನು ತಿಂದು. ಮೊಟ್ಟೆಯಿಡಲು ಮಾತ್ರ ಕಡಲು ಬಿಟ್ಟು ಒಳನಾಡಿನ ಹಳೆಯ ಮರಗಳಿಗೆ ಬರುತ್ತದೆ. ಗೂಡು ಕಟ್ಟುವುದಿಲ್ಲ. ನೆಲದಿಂದ ಬಹಳ ಎತ್ತರದಲ್ಲಿ, ಪಾಚಿ ಹಾಸಿದ ಅಗಲವಾದ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ. ತಂದೆತಾಯಿ ಸರದಿಯಂತೆ ಕಾವು ಕೊಡುತ್ತವೆ, ನಸುಕಿನಲ್ಲಿ ಕಡಲಿನಿಂದ ಹಾರಿ ಬಂದು ಮರಿಗೆ ಮೀನು ತಿನ್ನಿಸುತ್ತವೆ. ಈ ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಬಹುಕಾಲ ಪಕ್ಷಿತಜ್ಞರಿಗೂ ಒಗಟಾಗಿತ್ತು. 1974ರಲ್ಲಿ ಇದೇ ಬೆಟ್ಟಸಾಲಿನ ಬಿಗ್ ಬೇಸಿನ್ ಪಾರ್ಕಿನಲ್ಲಿ ಕೊಂಬೆ ಸವರಲು ಮರ ಹತ್ತಿದ ಕೆಲಸಗಾರನಿಗೆ ಅದರ ಮರಿ ಕಂಡಿತು. ಅಮೆರಿಕದಲ್ಲಿ ಆಗ ಆ ಒಗಟು ಬಿಡಿಸಿದಂತಾಯಿತು. 1992ರಿಂದ ಅದು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಒಂದಗುಳು ಕಂಡ ಕಾಗೆ ಬಳಗವನ್ನೆಲ್ಲ ಕರೆಯುತ್ತದೆ ಎಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ಅಲ್ಲಿನ ನೀಲಿ ಬಣ್ಣದ ಸ್ಟೆಲ್ಲರ್ಸ್ ಜೇ ಹಕ್ಕಿಗಳೂ ದೊಡ್ಡ ಕಾಡುಕಾಗೆ ರೇವನ್‌ಗಳೂ ಕಾಗೆಯ ಕುಲದವೇ. ಶಿಬಿರದ ಜಾಗದಲ್ಲಿ ಚಿಪ್ಸ್, ಬ್ರೆಡ್ ಸಿಗುತ್ತದೆಂದು ತಿಳಿದ ಮೇಲೆ ಅವು ಅಲ್ಲೇ ನೆಲೆಸಿ ಸಂಸಾರ ಬೆಳೆಸುತ್ತವೆ. ನಾವು ಹೊರಟುಹೋದ ಮೇಲೂ ಅವು ಅಲ್ಲೇ ಇರುತ್ತವೆ. ಆಮೇಲೆ ಅವುಗಳ ಕಣ್ಣು ಬೀಳುವುದು ಕೊಂಬೆಯ ಮೇಲಿನ ಆ ಒಂಟಿ ಮೊಟ್ಟೆಯ ಮೇಲೆ. ಕೋಳಿಮೊಟ್ಟೆಗೆ ಮರ್ರೆಲೆಟ್ ಮೊಟ್ಟೆಯ ಬಣ್ಣ, ಚುಕ್ಕೆ ಬಳಿದು, ಒಳಗೆ ವಾಂತಿ ಬರಿಸುವ ಔಷಧ ಸೇರಿಸಿ ಕಾಡಿನಲ್ಲಿಟ್ಟು, ಜೇ ಹಕ್ಕಿಗಳಿಗೆ ಆ ಮೊಟ್ಟೆಯೆಂದರೆ ಹೇಸಿಗೆ ಹುಟ್ಟಿಸುವ ಪ್ರಯೋಗವನ್ನೂ ಸಂಶೋಧಕರು ಮಾಡಿದ್ದಾರೆ. ಇಷ್ಟೆಲ್ಲ ಶ್ರಮ ನಾವು ಉದುರಿಸಿದ ತಿಂಡಿಯ ಚೂರುಗಳಿಂದಾಗಿ ಎನ್ನುವುದು ನನ್ನನ್ನು ಬಹಳ ಕಾಡಿದೆ.

ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಅಲ್ಲಿ ಮೊದಲ ಬೆಳಿಗ್ಗೆ ಒಂದು ಹಿಡಿ ಚಿತ್ರಾನ್ನವನ್ನು ಬಂಡೆಯ ಮೇಲಿಟ್ಟರು. ಉಣ್ಣುವ ಮೊದಲು ಕಾಗೆಗೆ ಇಡುವುದು ಅವರ ಜೀವಮಾನದ ಪದ್ಧತಿ. ಅತ್ತ ಬಂದ ರೇಂಜರ್ ಗದರಲಿಲ್ಲ. ಹಕ್ಕಿಯ ಚಿತ್ರ ತೋರಿಸಿ ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. "ವರ್ಷಕ್ಕೆ ಒಂದೇ ಮೊಟ್ಟೆನೇನೇ? ಅಯ್ಯೋ ಪಾಪ, ಅದೂ ಹೋದ್ರೆ ಆ ತಾಯಿಗೇನುಳೀತು?" ಎಂದವರೇ ಬಗ್ಗಿ ಅಗುಳು ಅಗುಳಾಗಿ ಆರಿಸಿದರು. ಸಂಜೆಯ ಹೊತ್ತಿಗೆ ಮಕ್ಕಳು ತಿಂದೆದ್ದ ಜಾಗವನ್ನು ತಪಾಸಣೆ ಮಾಡುವ ಅಧಿಕಾರ ಅವರದೇ ಆಗಿತ್ತು! ದಂಡ ಹಾಕಿದ್ದರೆ ನಾವು ಕಟ್ಟಿ ಮರೆಯುತ್ತಿದ್ದೆವು. ಕಾರಣ ತಿಳಿಸಿದ್ದರಿಂದ ಅದು ಅವರದೇ ವ್ರತವಾಯಿತು.

ಮರ್ರೆಲೆಟ್ ಮರಿ ಕಂಡ ಆ ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್, 1902ರದು. ಮರ ಕಡಿಯುವವರ ಕೈಯಿಂದ ಆ ಕಾಡನ್ನು ಬಿಡಿಸಲು ಸ್ಯಾನ್ ಹೋಸೆಯ ಛಾಯಾಗ್ರಾಹಕ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು 1900ರಲ್ಲಿ ಸಂಘ ಕಟ್ಟಿ ಹೋರಾಡಿದ್ದರು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಪಾರ್ಕಿನ ಶೇ 97ರಷ್ಟು ಭಾಗವನ್ನು ಆವರಿಸಿತು. ದಪ್ಪ ತೊಗಟೆಯ ರೆಡ್‌ವುಡ್‌ಗಳು ಬಹುಪಾಲು ಬದುಕಿ, ಕರಿಬಿದ್ದ ಕಾಂಡದ ಮೇಲೆಯೇ ಹಸಿರು ಚಿಗುರಿಸಿಕೊಂಡಿವೆ. 2022ರ ಜುಲೈಯಲ್ಲಿ ಪಾರ್ಕಿನ ಒಂದಷ್ಟು ಭಾಗ ಮತ್ತೆ ತೆರೆಯಿತು. ಆದರೆ ಚಿಗುರು ಬಂದಷ್ಟು ಬೇಗ ಮೊಟ್ಟೆಯಿಡುವಷ್ಟು ಅಗಲದ ಕೊಂಬೆ ಬರುವುದಿಲ್ಲ, ಅದಕ್ಕೆ ತಲೆಮಾರುಗಳೇ ಬೇಕು. ಹಾಗಾಗಿ ಸುತ್ತಲಿನ ಕಾಡುಗಳಲ್ಲಿ ಉಳಿದಿರುವ ಹಳೆಯ ಮರಗಳ ಬೆಲೆ ಈಗ ಇನ್ನೂ ಹೆಚ್ಚು.

ಇನ್ನು ನಮ್ಮ ಘಟ್ಟಗಳ ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನಸಾಗರ ನುಗ್ಗಿದ ಬಳಿಕ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದದ್ದು, ಜನರ ಸಂಖ್ಯೆಗೆ ಮಿತಿ ಹಾಕಿದ್ದು ಒಳ್ಳೆಯ ಕೆಲಸ. ಚೆಕ್‌ಪೋಸ್ಟ್‌ಗಳಲ್ಲಿ ಚೀಲ ತೆರೆಸಿ ಪ್ಲಾಸ್ಟಿಕ್ ನೋಡುವುದೂ ಸರಿಯೇ. ಆದರೆ ಬುತ್ತಿಯ ಬಗ್ಗೆ ಯಾರೂ ಒಂದು ಮಾತು ಹೇಳುವುದಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡುವವರು ಕೆಟ್ಟವರಲ್ಲ, ಹಸಿದ ಪ್ರಾಣಿಗೆ ಉಣಿಸಿದೆವೆಂಬ ತೃಪ್ತಿ ಅವರದು. ಆ ತಿನಿಸಿನ ಆಸೆಗೆ ಮಂಗಗಳು ಕಾಡಿನ ಹಣ್ಣು, ಚಿಗುರು ಬಿಟ್ಟು ರಸ್ತೆಗಿಳಿಯುತ್ತವೆ, ಗಾಡಿಗಳ ಚಕ್ರಕ್ಕೆ ಸಿಗುತ್ತವೆ. ಮರದ ಮೇಲೆಯೇ ಬಾಳುವ ಸಿಂಗಳೀಕಗಳಿರುವ ಸೋಮೇಶ್ವರ ಅಭಯಾರಣ್ಯ ಅಲ್ಲೇ ಇದೆ. ಅವಕ್ಕೂ ಈ ರುಚಿ ಹತ್ತಿದರೆ ಗತಿಯೇನು?

ಅರಣ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಬುಕಿಂಗ್ ಮಾಡುವಾಗ ಹಣ ಕಟ್ಟುವ ಮೊದಲು ಎರಡು ನಿಮಿಷದ ಒಂದು ಕನ್ನಡ ವಿಡಿಯೊ ತೋರಿಸಲಿ. ಅದರಲ್ಲಿ ಬರಿಯ ನಿಷೇಧಗಳ ಪಟ್ಟಿ ಬೇಡ, ಆಯಾ ಕಾಡಿನ ಒಂದು ಪ್ರಾಣಿಯ ಬದುಕಿರಲಿ. ರಾತ್ರಿ ತಂಗಲು ಬಿಡುವ ಶಿಬಿರಗಳಲ್ಲಿ ಮಂಗ, ಹಂದಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಗಳನ್ನು ಇಡಲಿ. ಚಾರಣಕ್ಕೆ ಜನರನ್ನು ಕರೆದೊಯ್ಯುವ ಸಂಸ್ಥೆಗಳು ಮಧ್ಯಾಹ್ನದ ಊಟದ ಪೊಟ್ಟಣದ ಜೊತೆಗೆ ಸಿಪ್ಪೆ, ಎಂಜಲು ತುಂಬಿ ವಾಪಸು ತರಲು ಒಂದು ಬಟ್ಟೆಚೀಲವನ್ನೂ ಕೊಡಲಿ. ಈ ಸಲದ ಚಾರಣದ ದಿನಗಳು ಮುಗಿಯುವುದರೊಳಗೆ ಒಂದು ಹಾದಿಯಲ್ಲಾದರೂ ಇದನ್ನು ಶುರುಮಾಡಬಹುದು. ವಿಡಿಯೊಕ್ಕೆ ಧ್ವನಿ ಕೊಡಲು, ಬರವಣಿಗೆಯಲ್ಲಿ ನೆರವಾಗಲು ನಮ್ಮ ಇಲ್ಲಿನ ಗೆಳೆಯರ ಬಳಗ ಸಿದ್ಧವಿದೆ.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲೊಬ್ಬರು
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ